ಟೆಸ್ಸಾಳ ಸರದಿ

ಆಂಬುಲೆನ್ಸಿನಿಂದ ಸುದ್ದಿ ಬಂದಾಗ ಟೆಸ್ಸಾಳಿಗೆ ಮೊದಲು ಆದದ್ದು ಸಂತೋಷ. ಎಪ್ಪತ್ತರ ಆಸುಪಾಸಿನ ಗಂಡಸು, ಅಂಗಳದ ಹುಲ್ಲು ಕತ್ತರಿಸುತ್ತಿದ್ದಾಗ ಕುಸಿದಿದ್ದಾನೆ, ಹೃದಯ ನಿಂತಿದೆ, ತರುತ್ತಿದ್ದೇವೆ ಎಂದು ರೇಡಿಯೋ ಗೊರಗುಟ್ಟುತ್ತಿದ್ದಂತೆಯೇ ಅವಳು ಕೂದಲನ್ನು ಬಿಗಿಯಾಗಿ ಕಟ್ಟಿ ಕೈಗವಸಿನ ಪೆಟ್ಟಿಗೆಗೆ ಕೈ ಹಾಕಿದಳು. ನಾಚಿಕೊಳ್ಳುವಷ್ಟು ಬಿಡುವು ಆ ಸಂತೋಷಕ್ಕಿರಲಿಲ್ಲ.

"ಅಬ್ಬಾ, ಕೊನೇ ದಿನ ನಿನ್ನ ಅದೃಷ್ಟ ಖುಲಾಯಿಸ್ತು ನೋಡೇ!" ಎಂದ ಅವಳ ಸಹಪಾಠಿ ಕೋಲ್ಟನ್. "ನಾನಂತೂ ಆಗ್ಲೇ ಎರಡು ಸಲ ಎದೆ ಒತ್ತಿದೀನಿ. ಇವತ್ತು ಸಾಲಲ್ಲಿ ನೀನೇ ಮುಂದೆ ನಿಂತ್ಕೋ. ಹೋಗ್ಲಿ ಪಾಪ, ದಾನ ಮಾಡ್ತಿದೀನಿ."

"ನಿನ್ನ ದಾನ ಯಾರಿಗೆ ಬೇಕೋ? ಇದು ನನ್ನ ಸರದಿ."

ಒಹಾಯೋ ನದಿಯ ದಂಡೆಯ ಆ ಸಣ್ಣ ಆಸ್ಪತ್ರೆಯಲ್ಲಿ, ಮೆಡಿಕಲ್ ಕಾಲೇಜಿನ ಕನಸು ಹೊತ್ತ ವಿದ್ಯಾರ್ಥಿಗಳು ಬೇಸಿಗೆ ರಜೆಯುದ್ದಕ್ಕೂ ಸಂಬಳವಿಲ್ಲದೆ ದುಡಿಯುತ್ತಿದ್ದರು. ನಿಂತ ಹೃದಯವೊಂದು ಬಂದರೆ ಅವರು ಹಾಸಿಗೆಯ ಪಕ್ಕದಲ್ಲಿ ಸಾಲುಗಟ್ಟುವುದು ರೂಢಿ. ಎದೆ ಒತ್ತುವವರ ತೋಳು ಸೋತಾಗ ಹಿಂದಿದ್ದವರು ಮುಂದೆ ಬರಬೇಕು. "ರಜೇನ ನಿದ್ದೆ ಮಾಡಿ ಕಳೀಬೇಡ. ಸಂದರ್ಶನದಲ್ಲಿ ಹೇಳೋಕೆ ನಿಂದೇ ಅಂತ ಒಂದು ಕಥೆ ಇರ್ಬೇಕು," ಎಂದು ಕಾಲೇಜಿನ ಸಲಹೆಗಾರರು ಟೆಸ್ಸಾಳಿಗೆ ಹೇಳಿ ಕಳಿಸಿದ್ದರು. ಅವಳು ಬಿಸಿ ಕಂಬಳಿ ಹೊದಿಸಿದ್ದಳು, ಶುಂಠಿ ಸೋಡಾ ಹಂಚಿದ್ದಳು, ವಾಂತಿ ಒರೆಸಿದ್ದಳು. ಅದು ಯಾರಿಗೂ ಹೇಳುವಂಥ ಕಥೆಯಾಗಿರಲಿಲ್ಲ. ಇಡೀ ಬೇಸಿಗೆಯಲ್ಲಿ ಅವಳ ಪಾಳಿಯಲ್ಲಿ ಒಬ್ಬರೂ ಸತ್ತಿರಲಿಲ್ಲ. ಅದಕ್ಕಾಗಿ ಅವಳು ಕೊರಗಿದ್ದಳು.

ಬಾಗಿಲು ತೆರೆದುಕೊಂಡಿತು. ಆಂಬುಲೆನ್ಸಿನವರು ಒತ್ತುತ್ತಲೇ ಒಳತಂದ ಮುದುಕನ ಹೆಸರು ಹಾಲಿಸ್ ಸ್ಕಿಡ್‌ಮೋರ್. ಅವನ ಬೂಟುಗಳಿಗೆ ಆಗತಾನೇ ಕತ್ತರಿಸಿದ ಹುಲ್ಲು ಅಂಟಿತ್ತು. ಹೆಂಡತಿ ಹಿಂದಿನಿಂದ ಕಾರಿನಲ್ಲಿ ಬರುತ್ತಿದ್ದಾಳೆಂದು ಯಾರೋ ಹೇಳಿದರು. ಡಾಕ್ಟರ್ ಪ್ರೂಯಿಟ್ ಎದೆಯ ಮೇಲೆ ಸ್ಕ್ಯಾನಿನ ಕಡ್ಡಿಯಿಟ್ಟು ಪರದೆಯನ್ನು ನೋಡಿದರು, ಕಣ್ಣುಗಳಿಗೆ ಬೆಳಕು ಬಿಟ್ಟರು, ಮತ್ತೊಮ್ಮೆ ಪರದೆಯನ್ನು ನೋಡಿದರು. ಅಲ್ಲಿ ಏನೂ ಅಲುಗಲಿಲ್ಲ.

"ದಾರೀಲೇ ಹೋಗ್ಬಿಟ್ಟಿದಾರೆ," ಎಂದರು ತಗ್ಗಿದ ದನಿಯಲ್ಲಿ. ಆಮೇಲೆ ಸಾಲಿನತ್ತ ತಿರುಗಿದರು. "ನಿಮ್ಮಲ್ಲಿ ಯಾರಿನ್ನೂ ಒತ್ತಿಲ್ಲ?"

"ನಾನು, ಸರ್."

"ಬಾಮ್ಮ. ನೀವೂ ಕಲೀಬೇಕಲ್ಲ. ಸ್ವಲ್ಪ ಹೊತ್ತು ಒತ್ತು, ಆಮೇಲೆ ನಿಲ್ಲಿಸ್ಬಿಡೋಣ. ಇವರಿಗೆ ಇನ್ನು ನೋವಾಗಲ್ಲ."

ಟೆಸ್ಸಾ ಹಾಸಿಗೆಯ ಪಕ್ಕದ ಮಣೆಯ ಮೇಲೆ ಹತ್ತಿ ನಿಂತಳು. ಮೊದಲ ಒತ್ತಿಗೇ ಅಂಗೈಯಡಿ ಏನೋ ಲಟಕ್ಕೆಂದಿತು. "ಪಕ್ಕೆಲುಬು, ಹೆದರ್ಬೇಡ," ಎಂದರು ಡಾಕ್ಟರ್. "ಕೈಯಿಂದಲ್ಲ, ಸೊಂಟದಿಂದ ಒತ್ತು. ಹಾಂ, ಹಾಗೇ. ಚೆನ್ನಾಗಿ ಮಾಡ್ತಿದೀಯ." ಆ ಮೆಚ್ಚುಗೆ ಅವಳ ಮೈಯಲ್ಲಿ ಬೆಚ್ಚಗೆ ಹರಿಯಿತು. ಲಯ ಹಿಡಿಯಿತು. ಸಂದರ್ಶನದ ಮೇಜಿನೆದುರು ಕುಳಿತು ಹೇಳಬೇಕಾದ ಮೊದಲ ವಾಕ್ಯ ತಾನಾಗಿಯೇ ತಲೆಯೊಳಗೆ ಜೋಡಣೆಯಾಗತೊಡಗಿತು.

"ನಿಲ್ಲಿಸ್ಬೇಡ ಕಂದಾ!"

ಬಾಗಿಲಲ್ಲಿ ಒಬ್ಬ ಮುದುಕಿ ನಿಂತಿದ್ದಳು. ಕೈಯಲ್ಲಿ ಕಾರಿನ ಕೀಲಿ, ಕಾಲಲ್ಲಿ ಮನೆಯೊಳಗೆ ಹಾಕುವ ಚಪ್ಪಲಿ. "ಬಿಡ್ಬೇಡಮ್ಮಾ ಅವ್ನನ್ನ! ಹಾಲಿಸ್, ನಾನು ಬಂದೆ ಕಣೋ! ವರ್ನಾ ಬಂದಿದೀನಿ!"

ಟೆಸ್ಸಾ ಡಾಕ್ಟರರ ಮುಖ ನೋಡಿದಳು. ಅವರು ನೆಲ ನೋಡಿದರು. ಈಗ ಕೈ ಎತ್ತಿದರೆ ಹೆಂಡತಿಯ ಕಣ್ಣೆದುರೇ ಅವನನ್ನು ಕೊಂದಂತೆ. ಎತ್ತದಿದ್ದರೆ ಒಂದೊಂದು ಒತ್ತೂ ಸುಳ್ಳು. ಅವಳು ಒತ್ತಿದಳು. ಬೆವರು ಕಣ್ಣಿಗಿಳಿಯಿತು, ತೋಳುಗಳು ಕಲ್ಲಾದವು, ಹಿಂದಿನಿಂದ ಕೋಲ್ಟನ್ "ಬದಲಾಯಿಸ್ಲಾ?" ಎಂದು ಪಿಸುಗುಟ್ಟಿದ್ದು ಕೇಳಿಸಲೇ ಇಲ್ಲ. ಕೊನೆಗೆ ಡಾಕ್ಟರ್ ಅವಳ ಭುಜ ಮುಟ್ಟಿದರು. "ಸಾಕು ಮಗಳೇ," ಎಂದು ಗಡಿಯಾರ ನೋಡಿ ಸಾವಿನ ಹೊತ್ತನ್ನು ಗಟ್ಟಿಯಾಗಿ ಹೇಳಿದರು.

ಹೊರಗೆ ಗೋಡೆಗೊರಗಿ ನಿಂತವಳ ಕಿವಿಯಲ್ಲಿ ಕೋಲ್ಟನ್, "ಹೆಂಡ್ತಿ ಬೇರೆ ಬಂದ್ಲು! ನನಗೆ ಎರಡು ಸಲಾನೂ ಇಂಥದ್ದು ಸಿಕ್ಕಿರ್ಲಿಲ್ಲ," ಎಂದು ಹೇಳಿ ಹೋದ.

ಆಮೇಲೆ ವರ್ನಾ ಬಂದಳು. ಟೆಸ್ಸಾಳ ಎರಡೂ ಕೈಗಳನ್ನು ಹಿಡಿದು ತನ್ನ ಕೆನ್ನೆಗೆ ಒತ್ತಿಕೊಂಡಳು. "ಮಿಕ್ಕೋರೆಲ್ಲಾ ಕೈಕಟ್ಟಿ ನಿಂತಿದ್ರು. ನೀನೊಬ್ಳೇ ಕಂದಾ, ನೀನೊಬ್ಳೇ ಬಿಡ್ಲಿಲ್ಲ." ಕೈ ಬಿಡದೆಯೇ ಮುಂದುವರಿಸಿದಳು. "ಗೂಡ್ಸ್ ರೈಲಿಗೆ ಗೇಟ್ ಹಾಕ್ಬಿಟ್ಟಿದ್ರು. ಒಂದೊಂದೇ ಡಬ್ಬಿ ಹೋಗ್ತಾ ಇತ್ತು, ನಾನು ಕಾರಲ್ಲಿ ಕೂತು ಕಿರಿಚ್ತಾ ಇದ್ದೆ. ಒಂದ್ ಮಾತು ನಿಜ ಹೇಳು ತಾಯಿ. ನಾನು ಬಂದಾಗ ಅವ್ನು ಇದ್ನಾ?"

ಆ ಮುಖದಲ್ಲಿ ಇಲ್ಲ ಎಂಬ ಉತ್ತರಕ್ಕೆ ಜಾಗವಿರಲಿಲ್ಲ. ಇಡೀ ಬೇಸಿಗೆಯಲ್ಲಿ ತಾನು ಮಾಡಬಹುದಾದ ಒಂದೇ ಒಂದು ಒಳ್ಳೆಯ ಕೆಲಸ ಇದೇ ಎಂದು ಟೆಸ್ಸಾಳಿಗೆ ಅನ್ನಿಸಿತು.

"ಇದ್ರು," ಎಂದಳು.

"ನನ್ನ ದನಿ ಕೇಳಿರುತ್ತೆ ಹಾಗಾದ್ರೆ."

"ಕೇಳಿರುತ್ತೆ."

ವರ್ನಾ ತಲೆಯಾಡಿಸಿದಳು, ಭುಜಕ್ಕೆ ಕಣ್ಣೊರೆಸಿಕೊಂಡಳು. ಒಂದು ಹೆಜ್ಜೆ ಹಿಂದಕ್ಕೆ ಸರಿದು, ತನ್ನ ಹಿಡಿತದಲ್ಲಿದ್ದ ಆ ಎಳೆಯ ಕೈಗಳನ್ನು ನೋಡಿದಳು. ಆಮೇಲೆ ಅವುಗಳನ್ನು ಮೆಲ್ಲಗೆ ಬಿಟ್ಟಳು.

"ಇದ್ದ ಅಂದ್ಮೇಲೆ," ಎಂದಳು, "ಯಾಕಮ್ಮಾ ನಿಲ್ಲಿಸ್ದೆ?"