‘ಕ’ ಮತ್ತು ‘ಗ’

ಮನೋವೈದ್ಯರಾಗಿ ಇಪ್ಪತ್ತು ವರ್ಷ ತುಂಬಿದ ಮೇಲೆ ಡಾಕ್ಟರು ಮನೋವಿಶ್ಲೇಷಣೆಯ ತರಬೇತಿಗೆ ಸೇರಿದ್ದರು. ರೋಗಿಯೊಂದಿಗೆ ಆಡಿದ ಮಾತನ್ನೆಲ್ಲ ಹಾಗೇ ಬರೆದು ತಂದು ತರಗತಿಯಲ್ಲಿ ಓದಬೇಕು. ರೋಗಿಯ ಹೆಸರು ಹೇಳುವಂತಿಲ್ಲ. ಇವರು ಅತಿಜಾಣತನ ಮಾಡಿ ತಮ್ಮನ್ನೂ ಬಚ್ಚಿಟ್ಟು, ‘ಕ’, ‘ಗ’ ಎಂದು ಬರೆದುಕೊಂಡು ಗತ್ತಿನಿಂದ ಓದಿದರು.

ಪಾಠ ಹೇಳುವ ಮೇಡಂ ಕಣ್ಣು ಮುಚ್ಚಿ ಕೇಳಿದರು.

“ಈ ‘ಕ’ಗೆ, ಪಾಪ, ತನ್ನ ಪುರಾಣ ಬಿಟ್ಟರೆ ಬೇರೆ ಮಾತೇ ಇಲ್ಲ. ಎದುರಿಗಿರೋರು ಬಾಯಿ ತೆಗೆದರೆ ಸಹಿಸೋಲ್ಲ. ವಾಸಿಯಾಗೋಕೆ ವರ್ಷಗಳೇ ಬೇಕು.”

ಡಾಕ್ಟರು ಗಂಟಲು ಸರಿಮಾಡಿಕೊಂಡರು. “ಅದು, ಮೇಡಂ...”

“ಇರಿ. ಆದ್ರೆ ‘ಗ’ ಆಗಿ ನೀವು ಎಷ್ಟು ತಾಳ್ಮೆಯಿಂದ ಕೇಳಿಸಿಕೊಂಡಿದ್ದೀರಿ! ‘ಆಮೇಲೆ?’, ‘ಬೇಜಾರಾಯ್ತಾ?’, ಅಷ್ಟೇ. ಶಭಾಷ್!”

ತರಗತಿಯೆಲ್ಲ ಚಪ್ಪಾಳೆ ತಟ್ಟಿತು.

“ಎಲ್ಲಾ ನಿಮ್ಮ ಆಶೀರ್ವಾದ, ಮೇಡಂ,” ಎಂದು ಕೈಮುಗಿದ ಡಾಕ್ಟರು, ‘ಕ: ನಾನು, ಗ: ರೋಗಿ’ ಎಂದು ಬರೆದಿದ್ದ ಮೊದಲ ಹಾಳೆಯನ್ನು ಮೆಲ್ಲಗೆ ಮಡಚಿ ಜೇಬಿಗಿಳಿಸಿದರು.