ಜನರಲ್ ಸಾಹೇಬರ ಕೊನೆಯ ಪೋಸ್ಟಿಂಗ್

"ದ್ರೋಹ!"

ಮೇಜರ್ ಜನರಲ್ ತಿರುಮಲೇಶ ಕೂಗಿದ ಅಬ್ಬರಕ್ಕೆ ಚೆನ್ನೈನ ತ್ರಿಪ್ಲಿಕೇನಿನ ಅರ್ಧದಷ್ಟು ಪಾರಿವಾಳಗಳು ಹಾರಿಹೋಗಿ ಮರೀನಾ ಸೇರಿದವು. ಉಳಿದರ್ಧಕ್ಕೆ ಹಾರುವ ಧೈರ್ಯವೇ ಬರಲಿಲ್ಲ.

ಕಾರಣ, ಅವರ ಮೊಬೈಲಿಗೆ ಬಂದ ಸಂದೇಶ. ಸೈನ್ಯದ ಸಿಬ್ಬಂದಿ ಸುಧಾರಣೆಯ ಹೊಸ ಸಮಿತಿಗೆ ಅವರನ್ನು ಎರಡು ವರ್ಷಕ್ಕೆ ನೇಮಿಸಿದ್ದರು. ಸೋಮವಾರ ದೆಹಲಿಯಲ್ಲಿ ಹಾಜರಾಗಬೇಕು. ತಾವು ಒಪ್ಪಿದ್ದಕ್ಕೆ ಧನ್ಯವಾದ. ನಿವೃತ್ತರಾಗಿ ಇನ್ನೂ ತಿಂಗಳು ತುಂಬಿರಲಿಲ್ಲ. ಒಪ್ಪಿದ್ದು ಯಾವಾಗ? ಅವರು ಯಾರಿಗೂ ಒಪ್ಪಿಗೆ ಕೊಟ್ಟಿರಲಿಲ್ಲ.

ತಿರುಮಲೇಶ ಎಂದರೆ ಸಾಮಾನ್ಯರಲ್ಲ. ಯಾರನ್ನು ಎಲ್ಲಿಗೆ ಕಳಿಸಬೇಕೆಂಬ ವಿದ್ಯೆಯಲ್ಲಿ ಅವರನ್ನು ಮೀರಿಸಿದವರು ಹುಟ್ಟಿಲ್ಲ. ಹುಟ್ಟಿದ್ದರೆ ಅವರೇ ಆ ಮನುಷ್ಯನನ್ನು ಎಲ್ಲೋ ದೂರಕ್ಕೆ ವರ್ಗ ಮಾಡಿರುತ್ತಾರೆ. ಸಿಪಾಯಿ ಒಮ್ಮೆ ಸೀನಿದರೆ ಸಾಕು, ಇವನಿಗೆ ಲಡಾಖ್ ಒಗ್ಗುತ್ತದೋ ಜೈಸಲ್ಮೇರ್ ಒಗ್ಗುತ್ತದೋ ಹೇಳಿಬಿಡುತ್ತಿದ್ದರು. ಅದಕ್ಕೇ ಎದೆಯ ಮೇಲೆ ವಿಶಿಷ್ಟ ಸೇವಾ ಪದಕ. ಶಿಫಾರಸು ಎಂದರೆ ಅವರಿಗೆ ಮೈಯೆಲ್ಲ ಉರಿ. ಮಂತ್ರಿಗಳು ಕರೆ ಮಾಡಿದರೂ ಫೋನ್ ಮುಟ್ಟುತ್ತಿರಲಿಲ್ಲ. ಈಗಲೂ ಅವರ ಮೊಬೈಲ್ ಬಡಿದುಕೊಂಡರೆ ಹೆಂಡತಿ ವಾಸಂತಿಯೇ ಎತ್ತಿ ಸಾಗಹಾಕಬೇಕು. ಇನ್ನೊಂದು, ಒಮ್ಮೆ ಹೂಂ ಅಂದವನನ್ನು ಅವರು ಬಿಟ್ಟ ಚರಿತ್ರೆಯಿಲ್ಲ. ತಾಳಿ ಕಟ್ಟಿದ ಕೈಯಲ್ಲೇ ರೈಲು ಹತ್ತಿದ ಮದುಮಗನೊಬ್ಬ ಇವತ್ತಿಗೂ ಅವರ ಹೆಸರು ಕೇಳಿದರೆ ಎದ್ದು ನಿಲ್ಲುತ್ತಾನೆ.

ಇಷ್ಟೆಲ್ಲ ವಿದ್ಯೆ ವಾಸಂತಿಯ ಪಾಲಿಗೆ ಮಾತ್ರ ಕೆಲಸಕ್ಕೆ ಬರಲಿಲ್ಲ. ಆಕೆಗೆ ಚೆನ್ನೈನ ವಿಮಾ ಕಚೇರಿಯಲ್ಲಿ ನೌಕರಿ, ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ. ಅತ್ತೆ ಕಣ್ಣು ಮುಚ್ಚುವವರೆಗೂ ನೋಡಿಕೊಂಡವಳು ಆಕೆಯೊಬ್ಬಳೇ. "ಇಲ್ಲಿಗೇ ಹಾಕಿಸಿಕೊಂಡು ಬನ್ರೀ" ಎಂದಾಗಲೆಲ್ಲ ಆ ಕಡೆಯಿಂದ ಒಂದೇ ಉತ್ತರ: "ಜಾಗ ಖಾಲಿ ಇಲ್ಲ ವಾಸಂತಿ. ಇದ್ದಿದ್ರೆ ಓಡಿ ಬರ್ತಿರಲಿಲ್ವಾ?"

ಈಗ ಓಡಿ ಬಂದಿದ್ದರು. ಆಕೆಯೂ ನಿವೃತ್ತಳು. ಇನ್ನು ಸಾಯುವತನಕ ನಿನ್ನ ಜೊತೆಗೇ ಎಂದು ಮಾತು ಕೊಟ್ಟಿದ್ದರು. ಆಕೆಯ ಜೊತೆ ಕೋಯಂಬೇಡಿನ ತರಕಾರಿ ಮಾರುಕಟ್ಟೆಗೆ ಹೋಗಿ, ಪರೇಡಿಗೆ ನಿಂತ ಬದನೆಕಾಯಿಗಳ ಮುಂದೆ ನಡೆದು, ಇದು ಗೊಜ್ಜಿಗೆ, ಅದು ಹುಳಿಗೆ ಎಂದು ಪೋಸ್ಟಿಂಗ್ ಹಂಚುತ್ತಿದ್ದರು. ಅಷ್ಟು ಸುಖವನ್ನು ದೇವೇಂದ್ರನೂ ಕಂಡಿರಲಾರ.

ಆ ಸುಖಕ್ಕೆ ಕಲ್ಲು ಹಾಕಿದವನು ಯಾರು? ಒಬ್ಬನೇ ಸಾಧ್ಯ: ಬ್ರಿಗೇಡಿಯರ್ ಗುರುಚರಣ. ಅವರೇ ಬೆಳೆಸಿದ ಶಿಷ್ಯ. ದೆಹಲಿಯಲ್ಲಿ ಅದೇ ಸಿಬ್ಬಂದಿ ಇಲಾಖೆಯವನು, ಕಳೆದ ಭಾನುವಾರ ಗುರುಗಳ ಸನ್ಮಾನಕ್ಕೆಂದೇ ಬಂದಿದ್ದ. ವೇದಿಕೆಯ ಮೇಲೆ ಎಷ್ಟು ಹೊಗಳಿದನೆಂದರೆ ಕೊರಳಿನ ಹಾರವೇ ಕೆಂಪಾಯಿತು. ಆ ಮತ್ತಿನಲ್ಲಿ ತಿರುಮಲೇಶರ ಕಿವಿಗೆ ಬಿದ್ದದ್ದು ಚಪ್ಪಾಳೆಯೊಂದೇ; ಮುಂದಿನ ಸಾಲಿನಲ್ಲಿದ್ದ ವಾಸಂತಿಗೆ ಒಂದಕ್ಷರವೂ ತಪ್ಪಲಿಲ್ಲ. ಕೆಳಗಿಳಿದ ಮೇಲೆ ಅವನು ಸಮಿತಿಯ ಮಾತೆತ್ತಿದ್ದ. ಆಗುವುದಿಲ್ಲ ಎಂದು ಅವರು ಖಡಾಖಂಡಿತ ಹೇಳಿದ್ದರು.

ಗುರುಚರಣ ಇನ್ನೂ ಊರಲ್ಲೇ, ರಾಯಪುರಂನ ಮಾವನ ಮನೆಯಲ್ಲಿ ಇದ್ದ. ಬಾ ಎಂದರೆ ಬಂದ. ಕೂತ. ಬೆವತ.

"ನಿನ್ನನ್ನ ಮಗನ ಥರ ಬೆಳೆಸಿದೆ. ನನ್ನ ಬೆನ್ನಿಗೇ ಚೂರಿ ಹಾಕಿದೆಯಲ್ಲೋ?"

"ಅಯ್ಯೋ, ನಾನಲ್ಲ ಸರ್! ನೀವು ಬರಲ್ಲ ಅಂತ ನಾನೇ ಸಮಿತಿಯವರಿಗೆ ಹೇಳಿದ್ದೆ. ಒಂದ್ಸಲ ನೇರವಾಗಿ ಕೇಳೋಣ ಅಂತ ಅವರೇ ಫೋನ್ ಮಾಡಿದಾರೆ."

"ಯಾರಿಗೆ?"

ಗುರುಚರಣ ಕಾಫಿ ಲೋಟದೊಳಗೆ ಇಣುಕಿದ. ಶತ್ರುವಿನ ಗುಂಡಿಗೂ ತಲೆ ತಗ್ಗಿಸದವನು.

"ಏನ್ರೀ, ಹುಡುಗನ್ನ ಯಾಕೆ ಹಂಗೆ ಹೆದರಿಸ್ತೀರಾ? ಪಾವಂ, ಕಾಫಿ ಕುಡೀಲಿ ಬಿಡಿ" ಎಂದಳು ವಾಸಂತಿ, ಅಡುಗೆಮನೆಯಿಂದ. ಹುಡುಗನಿಗೆ ಐವತ್ತು ದಾಟಿತ್ತು.

"ನಿನಗೆ ಗೊತ್ತಿಲ್ಲ ವಾಸಂತಿ. ನಾವಿಬ್ರೂ ಜೊತೆಗಿರೋದನ್ನ ಯಾರೋ ಬೇಕಂತಲೇ ಕೆಡಿಸಿದಾರೆ."

"ಹೌದು. ಬೇಕಂತಲೇ ಕೆಡಿಸಿದಾರೆ."

ಆ ಸಹಾನುಭೂತಿಗೆ ಜನರಲ್ ಸಾಹೇಬರ ಕಣ್ಣು ತುಂಬಿತು.

"ನಾನು ಮಾತಾಡಿ ಕ್ಯಾನ್ಸಲ್ ಮಾಡಿಸ್ತೀನಿ ಸರ್" ಎಂದ ಗುರುಚರಣ.

"ಬೇಡ! ಇಡೀ ಸೈನ್ಯಕ್ಕೆ ಒಂದು ನ್ಯಾಯ, ನನಗೊಂದಾ? ನನ್ನ ಹೆಸರಲ್ಲಿ ಹೂಂ ಅಂದಾಯ್ತು, ಹೋಗ್ತೀನಿ. ಹಾಗೆ ಅಂದವರು ಯಾರು, ಅಷ್ಟು ಹೇಳು."

"ಒಪ್ಪಿಗೆ... ಇದೇ ಮನೆಯಿಂದ ಬಂತು ಸರ್."

ವಾಸಂತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು ಗಂಡನ ಎದುರು ಕೂತಳು.

"ಹೂಂ ಅಂದವಳು ನಾನೇ. ಮೂರು ಸಲ ಚೆನ್ನೈಗೇ ಪೋಸ್ಟಿಂಗ್ ಕೊಟ್ಟರೂ ಸಾಹೇಬ್ರು ಕರ್ತವ್ಯ ದೊಡ್ಡದು ಅಂತ ಬೇಡ ಅಂದ್ರು, ಎಂಥಾ ತ್ಯಾಗ ಅಂತ ಭಾನುವಾರ ಗುರುಚರಣ ವೇದಿಕೆ ಮೇಲೆ ಹೊಗಳಿದ್ರಲ್ಲ, ಅವತ್ತು ಸಾಯಂಕಾಲವೇ ದೆಹಲಿಯವರು ಫೋನ್ ಮಾಡಿದ್ರು."