ಬೀರುವಿನ ಬಾಗಿಲ ಮೇಲಿನ ಬೆಲೆ

"ವಾಷಿಂಗ್ ಮೆಷಿನ್ ಅರ್ಧ ಬೆಲೆಗಂತೆ, ಇವತ್ತೊಂದೇ ದಿನವಂತೆ. ಏಳ್ರೀ!" ಎಂದು ಹೆಂಡತಿ ಹೊಸ್ತಿಲಾಚೆ ಚಪ್ಪಲಿ ಮೆಟ್ಟಿಕೊಂಡು ಕರೆದಾಗ ದರ್ಜಿ ಎದ್ದದ್ದೇನೋ ನಿಜ, ಹೋದದ್ದು ಮಾತ್ರ ಬೀರುವಿನ ಕಡೆಗೆ. ಅದರ ಬಾಗಿಲ ಒಳಮೈ ತುಂಬ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಬರೆದ ಅಂಕಿಗಳು. ನಾಲ್ಕು ತಿಂಗಳಿಂದ ವಾರಕ್ಕೊಮ್ಮೆ ಗುಂಡಿ, ದಾರ ತರಲು ಪೇಟೆಗೆ ಹೋದಾಗಲೆಲ್ಲ ಎಲೆಕ್ಟ್ರಾನಿಕ್ಸ್ ಅಂಗಡಿಯ ಗಾಜಿನಾಚೆ ಆ ಮೆಷಿನ್ನಿನ ಬೆಲೆ ನೋಡಿಕೊಂಡು ಬಂದು ಬರೆದಿಟ್ಟದ್ದು.

"ನೋಡಿಲ್ಲಿ. ಮೊದಲಿಂದಲೂ ಹದಿನೆಂಟು ಸಾವಿರ. ಹೋದ ವಾರ ಇದ್ದಕ್ಕಿದ್ದಂತೆ ಮೂವತ್ತೈದು. ಇವತ್ತು ಅದರಲ್ಲಿ ಅರ್ಧ. ನಮಗೆ ಉಳಿಯೋದು ಬರೀ ಐನೂರು! ಕಿವಿ ಮೇಲೆ ಹೂವಿಡ್ತಿದ್ದಾರೆ ಕಣೇ. ಇನ್ನೂ ಇಳಿಯುತ್ತೆ, ಕಾಯೋಣ."

ಆಕೆ ಚಪ್ಪಲಿ ಬಿಟ್ಟು ಒಳಗೆ ಬಂದಳು. ಅಂಕಿಗಳ ಮೇಲೆ ಮೇಲಿಂದ ಕೆಳಗೆ ಬೆರಳಾಡಿಸಿದಳು. ಸೋಪಿನ ನೀರಿಗೆ ಬಿರಿದ ಬೆರಳು. "ಹದಿನಾರು ವಾರ ಬೆಲೆ ಬರೆದಿಟ್ರಿ. ಅಷ್ಟು ವಾರ ನಾನು ಎಷ್ಟು ಬಕೆಟ್ ಬಟ್ಟೆ ಒಗೆದೆ? ಅದನ್ನ ಯಾವ ಬಾಗಿಲ ಮೇಲೆ ಬರೆದಿದ್ದೀರಿ?"

ಗಿರಾಕಿಗಳ ಅಳತೆಯನ್ನೆಲ್ಲ ಬಾಯಿಪಾಠ ಹೇಳುವ ದರ್ಜಿ ಅವಳ ಬೆರಳಿನ ಬಿರುಕುಗಳನ್ನು ಇವತ್ತೇ ಕಂಡವನಂತೆ ನೋಡಿದ. ಆಮೇಲೆ ಅಂಗಿಯ ತೋಳಿನಿಂದ ಅಂಕಿಗಳನ್ನೆಲ್ಲ ಒರೆಸತೊಡಗಿದ.

"ಅಯ್ಯೋ, ತೋಳೆಲ್ಲ ಸುಣ್ಣ! ಅದನ್ನೂ ನಾನೇ ಉಜ್ಜಬೇಕಲ್ರೀ!"

"ನೀನ್ಯಾಕೆ ಉಜ್ತೀಯ? ಮೆಷಿನ್ನಿಗೆ ಮೊದಲ ಅಂಗಿ ಇದೇ," ಎಂದು ಅವನು ಹೊಸ್ತಿಲು ದಾಟಿ ಚಪ್ಪಲಿ ಮೆಟ್ಟಿದ.